ಒಂಬತ್ತನೇ ತರಗತಿಯ ಫಾಕ್‌ಲ್ಯಾಂಡ್ ಪಾಠದ ಬಗ್ಗೆ ಪೋಷಕರಿಗೆ

ಮಾನ್ಯ ಪೋಷಕರೇ,

ನಮಸ್ಕಾರ. ದಕ್ಷಿಣ ಅಟ್ಲಾಂಟಿಕ್ ಸಾಗರದ ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಅರ್ಜೆಂಟೀನಾ ಮತ್ತು ಬ್ರಿಟನ್ 1982ರಲ್ಲಿ ಮಾಡಿದ ಯುದ್ಧದ ಚಟುವಟಿಕೆಯಲ್ಲಿ ಅರ್ಧ ತರಗತಿ ಅರ್ಜೆಂಟೀನಾದ ಪರ ಬರೆದದ್ದಕ್ಕೆ ನಿಮ್ಮಲ್ಲಿ ಕೆಲವರು ಬೇಸರ ಹೇಳಿಕೊಂಡಿದ್ದೀರಿ. "ದಾಳಿ ಮಾಡಿದವರ ಪರ ಬರೆದರೆ ಹತ್ತಕ್ಕೆ ಒಂಬತ್ತು ಅಂಕವೇ?" ಎಂದು ಡೈರಿಯಲ್ಲೂ ಬಂದಿದೆ. ಕೇಳಬೇಕಾದ ಪ್ರಶ್ನೆಯೇ.

ಯಾರು ಯಾವ ಕಡೆ ಎಂಬುದನ್ನು ಚೀಟಿ ಎತ್ತಿಸಿ ಹಂಚಿದ್ದು. ಅಂಕ ಬಿದ್ದದ್ದು ವಾದದ ಆಧಾರಕ್ಕೆ. ದ್ವೀಪಗಳು ತಮ್ಮ ಕರಾವಳಿಯಿಂದ ಸುಮಾರು 480 ಕಿ.ಮೀ., ಹಿಂದೆ ತಮ್ಮನ್ನು ಆಳಿದ ಸ್ಪೇನಿನ ಹಕ್ಕು ತಮಗೆ ಬಂತು, 1833ರಲ್ಲಿ ಬ್ರಿಟನ್ ತಮ್ಮವರನ್ನು ಹೊರಹಾಕಿತು: ಇದು ಅರ್ಜೆಂಟೀನಾದ ವಾದ. ಅಂದಿನಿಂದ ಆಡಳಿತ ತಮ್ಮದೇ, ಅಲ್ಲಿ ವಾಸವಿದ್ದ ಸುಮಾರು 1,800 ಜನರ ಇಷ್ಟವೂ ಅದೇ ಎಂಬುದು ಬ್ರಿಟನ್ನಿನದು. ಬ್ರಿಟನ್ನಿನ ಜೊತೆಗೇ ಇರಬೇಕೇ ಎಂದು ದ್ವೀಪದ ಜನರನ್ನು ಕೇಳಿದ 2013ರ ಜನಮತಗಣನೆಯಲ್ಲಿ ವಿರುದ್ಧ ಬಿದ್ದದ್ದು ಮೂರೇ ಮತ ಎಂದು ಬರೆದವರಿಗೆ ಒಂದು ಅಂಕ ಹೋಗಿದೆ. ಮಾಹಿತಿ ಸರಿ, ಆದರೆ 1982ರಲ್ಲಿ ನಿಂತು ವಾದಿಸುವವರ ಕೈಯಲ್ಲಿ ಅದು ಇರಲಿಲ್ಲ.

ಇನ್ನು ದಾಳಿಯ ಮಾತು. ಏಪ್ರಿಲ್ 2ರಂದು ಅರ್ಜೆಂಟೀನಾ ಸೇನೆ ಇಳಿಸಿತು, ಮರುದಿನವೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 502ನೇ ನಿರ್ಣಯದಲ್ಲಿ ಅದನ್ನು ಹಿಂದೆ ಕರೆಸಿಕೊಳ್ಳಲು ಹೇಳಿತು. ಇದನ್ನು ಎರಡೂ ಕಡೆಯವರು ಬರೆಯಲೇಬೇಕು, ಬಿಟ್ಟರೆ ಎರಡು ಅಂಕ ಕಡಿತ. ಹಾಗೆಯೇ ಮೇ 2ರಂದು ಬ್ರಿಟನ್ ಮುಳುಗಿಸಿದ ಜನರಲ್ ಬೆಲ್‌ಗ್ರಾನೋ ಹಡಗು ಬ್ರಿಟನ್ ದ್ವೀಪಗಳ ಸುತ್ತ ಸಾರಿದ್ದ 200 ನಾಟಿಕಲ್ ಮೈಲಿಯ ನಿಷೇಧಿತ ವಲಯದ ಹೊರಗಿತ್ತು, 323 ಜನ ಸತ್ತರು ಎಂಬುದನ್ನೂ. ಯಾವ ಕಡೆಯವರಿಗೂ ತಮಗೆ ಒಗ್ಗದ್ದನ್ನು ಮುಚ್ಚಿಡುವ ಅವಕಾಶ ಕೊಟ್ಟಿಲ್ಲ.

ತಾಳಮದ್ದಳೆಯಲ್ಲಿ ಕೌರವನ ಅರ್ಥ ಹೇಳಿದವರನ್ನು ನಾವು ಕೌರವನ ಕಡೆಯವರು ಎನ್ನುವುದಿಲ್ಲ; ಚೆನ್ನಾಗಿ ಹೇಳಿದರೆ ಮೆಚ್ಚುತ್ತೇವೆ. ಇದೂ ಅಷ್ಟೇ. ನಿಮ್ಮ ಮಗ ಅರ್ಜೆಂಟೀನಾದ ಪರ ಬರೆದಿದ್ದಾನೆ, ಅರ್ಜೆಂಟೀನಾದವನಾಗಿಲ್ಲ. ನಮ್ಮ ಗಡಿಯ ವಿಚಾರವನ್ನು ಈ ಪಾಠಕ್ಕೆ ತಂದಿಲ್ಲ, ತರುವುದೂ ಇಲ್ಲ. ಮನೆಯಲ್ಲಿ ಯಾರ ಮನಸ್ಸೂ ನೋಯಬಾರದೆಂದೇ ದೂರದ ಜಗಳ ಆರಿಸಿಕೊಂಡದ್ದು. ಆದರೂ ನೋವಾಗಿದ್ದರೆ, ನಾವು ಮೊದಲೇ ನಿಮಗೆ ಒಂದು ಚೀಟಿ ಕಳಿಸಬೇಕಿತ್ತು. ಅದು ನಮ್ಮ ತಪ್ಪು. ವರಾಂಡದಲ್ಲಿ ಮಕ್ಕಳು ಕ್ಷಿಪಣಿ ಆಟ ಶುರು ಮಾಡಿದ್ದರು, ಅದನ್ನು ಅಂದೇ ನಿಲ್ಲಿಸಿದ್ದೇವೆ. ಕೊಟ್ಟ ಅಂಕಗಳನ್ನು ಮಾತ್ರ ಬದಲಿಸುವುದಿಲ್ಲ.

ಹಾಳೆಯಲ್ಲಿ ದ್ವೀಪಗಳಿಗೆ ಎರಡು ಹೆಸರು ಏಕೆ ಎಂದವರಿಗೆ: ಅರ್ಜೆಂಟೀನಾದವರು ಅವನ್ನು ಮಾಲ್ವಿನಾಸ್ ಎನ್ನುತ್ತಾರೆ, ವಿಶ್ವಸಂಸ್ಥೆಯ ಕಾಗದಗಳಲ್ಲೂ ಫಾಕ್‌ಲ್ಯಾಂಡ್, ಮಾಲ್ವಿನಾಸ್ ಎರಡೂ ಇರುತ್ತವೆ.

ಈಗಿನ ಮನೆಗೆಲಸ ಗ್ಲೋಬಿನ ಮೇಲೆ ದೂರ ಅಳೆಯುವುದು. ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟರೆ ಲೆಕ್ಕ ತಪ್ಪುತ್ತದೆ, ದುಂಡು ಭೂಮಿಯನ್ನು ಚಪ್ಪಟೆ ಮಾಡುವಾಗ ದೂರ ಹಿಗ್ಗುತ್ತದೆ. 30 ಸೆಂ.ಮೀ. ವ್ಯಾಸದ ಗ್ಲೋಬಿನಲ್ಲಿ ದಾರದ 1 ಸೆಂ.ಮೀ. ಎಂದರೆ ಸುಮಾರು 425 ಕಿ.ಮೀ. ಬ್ರಿಟನ್ನಿನಿಂದ ಅಟ್ಲಾಂಟಿಕ್ ನಡುವಿನ ಅಸೆನ್ಷನ್ ದ್ವೀಪ ಮುಟ್ಟಿ ಫಾಕ್‌ಲ್ಯಾಂಡಿನ ರಾಜಧಾನಿ ಸ್ಟ್ಯಾನ್ಲಿಗೆ ಹೋಗಲು 30 ಸೆಂ.ಮೀ.ಗೂ ತುಸು ಹೆಚ್ಚು ದಾರ ಬೇಕು. ಅರ್ಜೆಂಟೀನಾದ ತೀರದಿಂದ ಸುಮಾರು ಒಂದೇ ಸೆಂ.ಮೀ. ಬ್ರಿಟನ್ ಯಾಕೆ ಅಷ್ಟು ಅವಸರಪಟ್ಟಿತು ಎಂಬುದೂ ಇಲ್ಲಿಯೇ ತಿಳಿಯುತ್ತದೆ: ಅಷ್ಟು ದೂರ ಹೋಗಿ ಮುಟ್ಟುವಷ್ಟರಲ್ಲಿ ಅಲ್ಲಿ ಚಳಿಗಾಲ ಹತ್ತಿರ. ದಕ್ಷಿಣ ಗೋಳಾರ್ಧದ ಆ ದ್ವೀಪಗಳಲ್ಲೂ ಜೂನ್ ಎಂದರೆ ಬೇಸಿಗೆ ಎಂದು ಹಲವರು ಬರೆದಿದ್ದಾರೆ, ಅದನ್ನು ಚಳಿಗಾಲ ಎಂದು ತಿದ್ದಿಸಿ. ನಾಟಿಕಲ್ ಮೈಲಿಯನ್ನು ಕಿಲೋಮೀಟರ್ ಎಂದುಕೊಂಡವರೂ ಇದ್ದಾರೆ. 200 ನಾಟಿಕಲ್ ಮೈಲಿ ಎಂದರೆ 370 ಕಿ.ಮೀ. (ಅಂದಿನ ಬ್ರಿಟಿಷ್ ನೌಕಾದಳದ ಮುಖ್ಯ ಹಡಗು ಹರ್ಮಿಸ್ 1987ರಲ್ಲಿ ನಮ್ಮ ನೌಕಾಪಡೆಯ ವಿಮಾನವಾಹಕ ಹಡಗು ವಿರಾಟ್ ಆಯಿತು. ಮಕ್ಕಳಿಗೆ ಹೇಳಿ ನೋಡಿ, ಕಣ್ಣರಳಿಸುತ್ತಾರೆ.)

ಮುಂದಿನ ವಾರ ಚೀಟಿಗಳು ಅದಲುಬದಲಾಗುತ್ತವೆ, ಮೊದಲು ಅರ್ಜೆಂಟೀನಾದ ಪರ ಬರೆದವರು ಈ ಸಲ ಬ್ರಿಟನ್ನಿನ ಪರ ಬರೆಯುತ್ತಾರೆ. ಬರೆಯುವುದು ಮಕ್ಕಳೇ ಆಗಿರಲಿ.

ಹಾಳೆಗೆ ಸಹಿ ಹಾಕಿ ಶುಕ್ರವಾರದೊಳಗೆ ಕಳಿಸಿಕೊಡಿ.

ಇಂತಿ,
ಮುಖ್ಯ ಶಿಕ್ಷಕರು