ಗೆಳೆಯನಿಗೊಂದು ಪತ್ರ: ಬಗ್ಗಿದ್ಮೇಲೆ ಯೋಚ್ನೆ ಬೇಡ

ಪ್ರೀತಿಯ ಗೆಳೆಯ,

ಮೊನ್ನೆ ರಾತ್ರಿ ಫೋನಲ್ಲಿ ನೀನು ಹೇಳಿದ್ದು ತಲೆಯಿಂದ ಹೋಗ್ತಾನೇ ಇಲ್ಲ ಮಾರಾಯ. ಪ್ರಾಕ್ಟೀಸಲ್ಲಿ ಎಲ್ಲಾ ಬಾಲ್ ಬೀಳುತ್ತೆ, ಯಾರಾದ್ರೂ ಎದುರಿಗೆ ನಿಂತ್ರೆ ಕೈ ನಂದೇ ಅಲ್ಲ ಅನ್ಸುತ್ತೆ, ಟೇಬಲ್ ಮೇಲೆ ಕ್ಯೂ ಅನ್ನೋ ಕೋಲಿಂದ ಬಾಲ್ ಹೊಡೆದು ಪಾಕೆಟ್‌ಗೆ ಬೀಳಿಸೋ ಈ ಪೂಲ್ ಸಹವಾಸವೇ ಬೇಡ, ಇದು ನಮ್ಮಂಥವರ ಆಟ ಅಲ್ಲ ಅಂದೆ. ಕರೆಂಟ್ ಇರ್ಲಿಲ್ಲ, ಶೀಟಿನ ಮೇಲೆ ಮಳೆ ಸುರಿಯೋ ಶಬ್ದಕ್ಕೆ ನಾನು ಹೇಳಿದ್ದು ನಿಂಗೆ ಅರ್ಧ ಕೇಳಿಸಿರಲ್ಲ. ಅದಕ್ಕೇ ಬರೀತಿದ್ದೀನಿ, ಎಲ್ಲರಿಗೂ ಕಾಣೋ ಹಾಗೇ ಹಾಕ್ತೀನಿ, ನಿನ್ ತರ ಒದ್ದಾಡ್ತಿರೋರು ಇನ್ನೂ ನಾಲ್ಕು ಜನ ಇರ್ತಾರೆ.

ಮೊದಲು ಆ ಕೊನೇ ಮಾತಿಗೆ ಹೇಳ್ಬಿಡ್ತೀನಿ. ಇದರ ಅಣ್ಣನಂಥ ಆಟ ಸ್ನೂಕರ್ ಹುಟ್ಟಿದ್ದು 1875ರಲ್ಲಿ ನಮ್ಮ ಜಬಲ್ಪುರದಲ್ಲಿ, ಅದರ ರೂಲ್ಸ್ ಗಟ್ಟಿಯಾಗಿದ್ದು ಇಲ್ಲೇ ಊಟಿ ಕ್ಲಬ್ಬಲ್ಲಿ. ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲೂ ವರ್ಲ್ಡ್ ಚಾಂಪಿಯನ್ ಆದ ಪಂಕಜ್ ಅಡ್ವಾಣಿ ಆಟ ಕಲಿತಿದ್ದು ಬೆಂಗಳೂರಲ್ಲಿ. ನಮ್ಮಂಥವರ ಆಟ ಅಲ್ಲ ಅನ್ನೋ ಮಾತು ಇನ್ಮೇಲೆ ಬೇಡ.

ಈಗ ಕೈ ವಿಷಯ. ಹೋದ ವರ್ಷ ಗೋಣಿಕೊಪ್ಪದಲ್ಲಿ ನಂಗೂ ಹೀಗೇ ಆಯ್ತು, ನಿಂಗೆ ಹೇಳಿರ್ಲಿಲ್ಲ. ನನ್ ಪಾಲಿನ ಏಳು ಬಾಲೂ ಹಾಕಿದ್ದೆ, ಕೊನೇಗೆ ಹಾಕ್ಬೇಕಾದ ಬ್ಲ್ಯಾಕ್ ಒಂದೇ ಬಾಕಿ, ಕಾರ್ನರ್ ಪಾಕೆಟ್‌ಗೆ ಒಂದಡಿ ದೂರ, ಹತ್ರ ಹತ್ರ ನೇರ. ಬಗ್ಗಿದೆ. ಬಗ್ಗಿದ ತಕ್ಷಣ ತಲೆಯೊಳಗೆ ಶುರುವಾಯ್ತು ನೋಡು, ಹಿಡಿತ ಲೂಸ್ ಮಾಡು, ಮೊಣಕೈ ಬೀಳಿಸ್ಬೇಡ, ತಲೆ ಎತ್ಬೇಡ, ಹೊಡೆದ್ಮೇಲೂ ಕ್ಯೂನ ಮುಂದಕ್ಕೆ ಹೋಗೋಕೆ ಬಿಡೋ ಫಾಲೋ ಥ್ರೂ ಮರೀಬೇಡ, ನಾವು ಕ್ಯೂಲಿ ಹೊಡೆಯೋ ವೈಟ್ ಬಾಲೂ ಬ್ಲ್ಯಾಕ್ ಹಿಂದೇನೇ ಪಾಕೆಟ್‌ಗೆ ಹೋದ್ರೆ ಗೇಮೇ ಹೋಯ್ತು. ಕ್ಯೂ ತುದಿ ವೈಟ್ ಹತ್ರ ಸಣ್ಣಗೆ ನಡುಗ್ತಿತ್ತು. ಜಾರದಿರ್ಲಿ ಅಂತ ಕ್ಯೂ ತುದಿಯ ಟಿಪ್ಪಿಗೆ ಹಚ್ಚಿದ್ದ ಚಾಕ್ ಪುಡಿ ಉದುರಿ ಟೇಬಲ್ ಬಟ್ಟೆ ಮೇಲೆ ಒಂದು ನೀಲಿ ಚುಕ್ಕೆ ಆಗಿತ್ತು, ಅದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ, ಯಾಕಂದ್ರೆ ಹೊಡೆಯೋ ಹೊತ್ತಿಗೆ ನಾನು ನೋಡ್ತಿದ್ದಿದ್ದು ಆ ಚುಕ್ಕೆನ, ಬ್ಲ್ಯಾಕನ್ನಲ್ಲ. ಬಾಲ್ ಪಾಕೆಟ್ ಬಾಯಿಗೆ ಎರಡು ಸಲ ಬಡಿದು ಅಲ್ಲೇ ನಿಂತ್ಕೊಳ್ತು. ಎದುರಿನವನು ಬಂದು ಸುಮ್ನೆ ತಳ್ಳಿದ. ಆ ರಾತ್ರಿ ವಿರಾಜಪೇಟೆವರೆಗೆ ಬಸ್ಸಲ್ಲಿ ಯಾರ ಹತ್ರಾನೂ ಮಾತಾಡ್ಲಿಲ್ಲ ನಾನು.

ಬಿಟ್ಟಂಗಾಲದ ಗಾಲ್ಫ್ ಮೈದಾನದಲ್ಲಿ ಸ್ವಲ್ಪ ದಿನ ಕ್ಯಾಡಿ ಕೆಲಸ ಮಾಡಿದ ಒಬ್ಬ ಹುಡುಗ ನನ್ ಜೊತೆ ಆಡ್ತಾನೆ, ಅವನ ಹತ್ರ ಇದನ್ನ ಹೇಳ್ದಾಗ ಅವನಂದ, ಅಣ್ಣ ಗಾಲ್ಫ್ ಆಡೋರು ಇದಕ್ಕೆ ಸ್ವಿಂಗ್ ಥಾಟ್ ಅಂತಾರೆ, ಹೊಡೆಯೋವಾಗ ಮನಸ್ಸಲ್ಲಿ ಇಟ್ಕೊಳ್ಳೋ ಮಾತು, ಒಂದಿದ್ರೆ ಸರಿ, ಮೂರಾದ್ರೆ ಬಾಲ್ ಪೊದೆಯೊಳಗೆ. ನಂಗಾಗ ಐದಿತ್ತು.

ಆದ್ರೆ ನಂಗೆ ನಿಜವಾಗಿ ಅರ್ಥ ಆಗಿದ್ದು ನಮ್ಮ ಕೊಡಗಿನ ಆಯುಧ ಪೂಜೆ ಹಬ್ಬ ಕೈಲ್ ಮುಹೂರ್ತದ ದಿನ. ಕೋವಿ ಪೂಜೆ ಎಲ್ಲಾ ಮುಗಿದ್ಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ಇತ್ತಲ್ಲ, ನೀನು ಆಗ ಮೈಸೂರಲ್ಲಿದ್ದೆ. ನಮ್ಮ ಪಕ್ಕದ ತೋಟದ ಅಜ್ಜ ಗೊತ್ತಲ್ಲ ನಿಂಗೆ, ಮಿಲಿಟರಿಯಿಂದ ರಿಟೈರ್ ಆಗಿ ಬಂದವ್ರು, ಅವ್ರು ನಿಂತ್ರು, ಕಾಲು ಸರಿ ಮಾಡ್ಕೊಂಡ್ರು, ಕೋವಿನ ಭುಜಕ್ಕೆ ಒತ್ತಿ ಅರ್ಧ ಉಸಿರು ಬಿಟ್ಟು ಹಾಗೇ ನಿಂತ್ಬಿಟ್ರು. ಸುತ್ತ ಎಷ್ಟು ಗಲಾಟೆ ಅಂದ್ರೆ ಪಕ್ಕದವನ ಮಾತು ಕೇಳಿಸ್ತಿರ್ಲಿಲ್ಲ. ಬೆರಳು ಯಾವಾಗ ಮಡಚ್ತು ಅಂತ ನಂಗೆ ಕಾಣ್ಲೇ ಇಲ್ಲ, ಕಾಯಿ ಚೂರಾಗಿ ನೀರು ಚಿಮ್ಮಿದ್ದಷ್ಟೇ ಕಂಡಿದ್ದು. ಆಮೇಲೆ ಕೇಳ್ದೆ, ಅಜ್ಜ ಹೊಡೆಯೋವಾಗ ಏನ್ ಯೋಚ್ನೆ ಮಾಡ್ತೀರಿ ಅಂತ. ಅವ್ರಂದ್ರು, "ಕೋವಿ ಎತ್ತೋಕೆ ಮುಂಚೆ ಯೋಚ್ನೆ ಮಾಡ್ತೀನಿ ಮಗ. ಎತ್ತಿದ್ಮೇಲೆ ಕಾಯಿ ನೋಡ್ತೀನಿ, ಅಷ್ಟೇ. ಬೆರಳಿನ ಮೇಲೆ ಗಮನ ಹೋಯ್ತೋ, ಗುಂಡು ಆಕಾಶಕ್ಕೆ."

ಇದನ್ನ ಟೇಬಲ್‌ಗೆ ತಂದ್ಕೊಂಡೆ ನಾನು. ಟಿಪ್ಪು ವೈಟ್‌ಗೆ ತಾಗಿರೋದು ಎಷ್ಟು ಹೊತ್ತು ಗೊತ್ತಾ, ಸೆಕೆಂಡಿನ ಸಾವಿರದಲ್ಲೊಂದು ಭಾಗ, ಹೆಚ್ಚೂಕಮ್ಮಿ ಅಷ್ಟೇ. ಅಷ್ಟರಲ್ಲಿ ಮಣಿಕಟ್ಟು ಸರಿ ಮಾಡ್ತೀನಿ, ಹಿಡಿತ ಬದಲಾಯಿಸ್ತೀನಿ ಅಂತ ಹೊರಟ್ರೆ ಆಗೋ ಕೆಲಸಾನಾ ಅದು? ಅಂಥ ಯೋಚ್ನೆ ಶಾಟ್ ಸರಿ ಮಾಡಲ್ಲ, ಕೈನ ಗಟ್ಟಿ ಮಾಡುತ್ತೆ ಅಷ್ಟೇ. ಹಂಗಾಗಿ ಎಲ್ಲಾ ಯೋಚ್ನೆ ನಿಂತ್ಕೊಂಡೇ ಮುಗಿಸ್ತೀನಿ. ಯಾವ ಪಾಕೆಟ್, ಬಾಲ್‌ಗೆ ಎಷ್ಟು ಓರೆಯಾಗಿ ತಾಗಿಸ್ಬೇಕು, ವೈಟ್ ಎಲ್ಲಿ ನಿಲ್ಬೇಕು, ಎಷ್ಟು ಜೋರು. ಚಾಕ್ ಹಾಕ್ತಾ ಹಾಕ್ತಾ ಇದಿಷ್ಟೂ. ಚಾಕ್ ಕೆಳಗಿಟ್ಟೆ ಅಂದ್ರೆ ತೀರ್ಮಾನ ಆಯ್ತು ಅಂತ ಲೆಕ್ಕ. ಬಗ್ಗಿದ್ಮೇಲೆ ಎರಡೋ ಮೂರೋ ಸಲ ಕ್ಯೂ ಹಿಂದೆ ಮುಂದೆ, ಟಿಪ್ಪು ವೈಟ್ ಹತ್ರ ನಿಲ್ಲಿಸ್ತೀನಿ, ಕಣ್ಣು ಹೊಡೆಯೋ ಬಾಲಿನ ಮೇಲೆ ಯಾವ ಜಾಗಕ್ಕೆ ತಾಗ್ಬೇಕೋ ಅಲ್ಲಿಗೆ ಹೋಗುತ್ತೆ, ಅಲ್ಲೇ ಇರುತ್ತೆ, ಹೊಡೀತೀನಿ. ಮನಸ್ಸಲ್ಲಿ ಒಂದೇ ಮಾತು, "ಅಲ್ಲಿ". ನಿಂಗೆ ಬೇರೆ ಮಾತು ಹೊಂದಬಹುದು, ಆದ್ರೆ ಅದು ಬಾಲಿನ ಬಗ್ಗೆ ಇರ್ಲಿ, ಮೊಣಕೈ ಬಗ್ಗೆ ಬೇಡ. ಬಗ್ಗಿದ್ಮೇಲೆ ಡೌಟ್ ಬಂತಾ? ಎದ್ದೇಳು. ನಾಚ್ಕೆ ಬೇಡ, ಎದ್ದು ಮತ್ತೆ ಚಾಕ್ ತಗೋ, ಮೊದಲಿಂದ ಶುರು ಮಾಡು. ನೀನು ಡೌಟ್ ಇಟ್ಕೊಂಡೇ ಹೊಡೀತೀಯ, ಅದನ್ನ ನಾನು ಎಷ್ಟೋ ಸಲ ನೋಡಿದ್ದೀನಿ.

ಆ ಕಣ್ಣಿನ ವಿಷಯ ನಾನು ಸುಮ್ನೆ ಹೇಳ್ತಿಲ್ಲ. ಕೆನಡಾದ ಜೋನ್ ವಿಕರ್ಸ್ ಅಂತ ಒಬ್ರು ಆಟಗಾರರ ಕಣ್ಣು ಎಲ್ಲಿ ನಿಲ್ಲುತ್ತೆ ಅಂತ ವರ್ಷಗಟ್ಲೆ ನೋಡಿ, ಹೊಡೆಯೋಕೆ ಮುಂಚಿನ ಆ ಕೊನೇ ನಿಂತ ನೋಟಕ್ಕೆ ಕ್ವಯೆಟ್ ಐ ಅಂತ ಹೆಸರಿಟ್ರು. ಆಮೇಲೆ ಬಿಲಿಯರ್ಡ್ಸ್ ಆಡೋರ ಮೇಲೂ ಇದನ್ನ ಪರೀಕ್ಷೆ ಮಾಡಿದ್ದಾರೆ, ಚೆನ್ನಾಗಿ ಆಡೋರ ನೋಟ ಹೆಚ್ಚು ಹೊತ್ತು ನಿಲ್ಲುತ್ತೆ, ಬಿದ್ದ ಶಾಟಲ್ಲಿ ತಪ್ಪಿದ ಶಾಟಿಗಿಂತ ಹೆಚ್ಚು ಹೊತ್ತು ನಿಂತಿರುತ್ತೆ. ಓದ್ತಾ ಓದ್ತಾ ನಂಗೆ ಅಜ್ಜ ಕೋವಿ ಹಿಡಿದು ನಿಂತಿದ್ದೇ ನೆನಪಾಯ್ತು.

ಹಾಗಂತ ಮೊಣಕೈ, ಹಿಡಿತ ಎಲ್ಲಾ ಮರ್ತುಬಿಡು ಅಂತಲ್ಲ. ಅದಕ್ಕೆ ಪ್ರಾಕ್ಟೀಸ್ ಇರೋದು. ಮನೇಲಿ ಊಟದ ಟೇಬಲ್ ಮೇಲೆ ಖಾಲಿ ಬಾಟ್ಲಿ ಮಲಗಿಸಿ ಅದರ ಬಾಯೊಳಗೆ ಕ್ಯೂ ತಾಗದ ಹಾಗೆ ಒಳಗೆ ಹೊರಗೆ ಮಾಡು, ಆಗ ಬೇಕಾದಷ್ಟು ಯೋಚ್ನೆ ಮಾಡ್ಕೋ ಕೈ ಬಗ್ಗೆ, ದಿನಕ್ಕೆ ಒಂದೇ ಒಂದು ವಿಷಯ. ಟೇಬಲ್ ಸಿಕ್ಕಾಗ ಸ್ಟಾಪ್ ಶಾಟ್ ಹೊಡಿ, ನೇರ ಶಾಟ್, ವೈಟ್ ತಾಗಿದ ಜಾಗದಲ್ಲೇ ಸತ್ತ ಹಾಗೆ ನಿಲ್ಬೇಕು. ನಿಂತಲ್ಲೇ ಬುಗುರಿ ತರ ತಿರುಗಿದ್ರೆ ನೀನು ಮಧ್ಯಕ್ಕೆ ಹೊಡೆದಿಲ್ಲ ಅಂತ, ಬೇರೆ ಯಾರೂ ಹೇಳ್ಬೇಕಾಗಿಲ್ಲ. ಆಮೇಲೆ ಕೊನೇ ಅರ್ಧ ಗಂಟೆ ಕೈ ಬಗ್ಗೆ ಒಂದಕ್ಷರ ಯೋಚ್ನೆ ಮಾಡ್ದೆ, ಮ್ಯಾಚ್ ಅಂದ್ಕೊಂಡೇ ಆಡು. ನೀನು ಈ ಭಾಗ ಮಾಡೋದೇ ಇಲ್ಲ, ಎರಡು ಗಂಟೆ ಪೂರ್ತಿ ಕೈ ತಿದ್ದೋದ್ರಲ್ಲೇ ಇರ್ತೀಯ, ಹಂಗಾಗಿ ಮ್ಯಾಚಲ್ಲೂ ತಿದ್ತಾನೇ ಇರ್ತೀಯ. ನನ್ ಪ್ರಕಾರ ನಿನ್ ಖಾಯಿಲೆ ಇದೇ, ಧೈರ್ಯ ಇಲ್ಲ ಅನ್ನೋದೆಲ್ಲ ಸುಳ್ಳು.

ಇನ್ನೊಂದು, ಇದು ಮಳೆಗಾಲ. ನಮ್ಮ ಕಡೆ ಜುಲೈಯಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ, ಟೇಬಲ್ ಬಟ್ಟೆ ಬಿಡುತ್ತಾ? ತೇವ ಹೀರ್ಕೊಂಡ್ರೆ ಬಾಲ್ ಓಡಲ್ಲ, ಬೇಸಿಗೇಲಿ ಹೊಡೆದಷ್ಟೇ ಹೊಡೆದ್ರೆ ಮೊದಲೇ ನಿಂತ್ಬಿಡುತ್ತೆ. ನೀನು ಅದನ್ನ ನಿನ್ ತಪ್ಪು ಅಂದ್ಕೊಂಡು ಜೋರಾಗಿ ಹೊಡೆಯೋಕೆ ಹೋಗ್ತೀಯ, ಹಿಡಿತ ಗಟ್ಟಿಯಾಗುತ್ತೆ, ಅಲ್ಲಿಂದ ಎಲ್ಲಾ ಕೆಡುತ್ತೆ. ಆಟ ಶುರು ಮಾಡೋಕೆ ಮುಂಚೆ ವೈಟನ್ನ ಟೇಬಲ್ ಅಂಚಿನ ಆ ಕುಶನ್ನಿಂದ ಈ ಕುಶನ್‌ಗೆ ನಾಲ್ಕು ಸಲ ಓಡಿಸಿ ನೋಡ್ಕೋ.

ಕ್ಯೂ ಮಾರ್ಬೇಡ ಕಣೋ. ಯಾರೋ ಕೇಳ್ತಿದ್ದಾರೆ ಅಂದೆಯಲ್ಲ, ಅವರಿಗೆ ಇಲ್ಲ ಅಂತ ಹೇಳು. ಭಾನುವಾರ ಬೆಳಿಗ್ಗೆ ಬಾ, ಅಮ್ಮ ಕಡುಬು ಮಾಡ್ತಾಳೆ, ತಿಂದ್ಕೊಂಡು ಹೋಗೋಣ. ಆ ಬ್ಲ್ಯಾಕನ್ನ ಕಾರ್ನರಿಗೆ ಒಂದಡಿ ದೂರ ಇಡ್ತೀನಿ, ನಂಗೆ ತಪ್ಪಿತ್ತಲ್ಲ ಅದೇ ಜಾಗದಲ್ಲಿ. ನೀನು ಹೊಡಿ, ನಾನು ಪಕ್ಕದಲ್ಲಿ ನಿಂತಿರ್ತೀನಿ, ಬಾಯಿ ಬಿಡಲ್ಲ.

ನಿನ್ನ ಗೆಳೆಯ