ಔಷಧ ಘಟಕದ ಗಾಳಿಯನ್ನು ಬಳಸುವ ಜಾಗದಲ್ಲೇ ಪರೀಕ್ಷಿಸಲಿ

ಮಾನ್ಯ ಸಂಪಾದಕರೇ,

ಔಷಧ ತಯಾರಿಕೆಯ ಪರಿಷ್ಕೃತ ‘ಷೆಡ್ಯೂಲ್ ಎಂ’ ನಿಯಮಗಳನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮೇಲೆ, ಪೀಣ್ಯದ ಹಳೆಯ ಸಹೋದ್ಯೋಗಿಗಳು ಸಿಕ್ಕಾಗಲೆಲ್ಲ ‘ಆಯಿಲ್ ಫ್ರೀ ಕಂಪ್ರೆಸರ್ ಹಾಕಿಸಿದ್ದೇವೆ, ಇನ್ನು ಚಿಂತೆಯಿಲ್ಲ’ ಎನ್ನುತ್ತಾರೆ. ಎಣ್ಣೆ ತಾಗದಂತೆ ಗಾಳಿಯನ್ನು ಒತ್ತಡಕ್ಕೆ ಏರಿಸುವ ಯಂತ್ರವದು. ಚಿಂತೆ ಅಷ್ಟಕ್ಕೇ ಮುಗಿಯುವುದಿಲ್ಲ ಎಂದು ಹೇಳಲು ಈ ಪತ್ರ.

ಮಾತ್ರೆಗೆ ಲೇಪನದ ದ್ರಾವಣವನ್ನು ಸಿಂಪಡಿಸುವುದು, ಮಾತ್ರೆ ತುಂಬುವ ಬ್ಲಿಸ್ಟರ್ ಹಾಳೆಯಲ್ಲಿ ಗುಳಿ ಮೂಡಿಸುವುದು, ಖಾಲಿ ಬಾಟಲಿಯ ದೂಳನ್ನು ಊದಿ ತೆಗೆಯುವುದು ಎಲ್ಲವೂ ಒತ್ತಡದ ಗಾಳಿಯಿಂದಲೇ. ಗಾಳಿಯಲ್ಲಿರುವ ಎಣ್ಣೆ ನೇರವಾಗಿ ಔಷಧಕ್ಕೆ ಸೇರುತ್ತದೆ.

ಸುಮಾರು ಹದಿನೈದು ವರ್ಷಗಳ ಹಿಂದೆ, ನಾನು ನಿರ್ವಹಣಾ ವಿಭಾಗದಲ್ಲಿದ್ದ ಘಟಕದಲ್ಲಿ, ಬಿಳಿ ಮಾತ್ರೆಗಳ ಮೇಲೆ ಸಾಸಿವೆಗಿಂತ ಚಿಕ್ಕ ಕಂದು ಚುಕ್ಕೆಗಳು ಕಾಣಿಸಿಕೊಂಡವು. ದ್ರಾವಣ, ಲೇಪನದ ಪ್ಯಾನ್, ಸಿಂಪಡಿಸುವ ನಾಜಲ್ ಎಲ್ಲವನ್ನೂ ಶಂಕಿಸಿ ಎರಡು ದಿನ ಕಳೆದ ಮೇಲೆ, ಸ್ಪ್ರೇ ಗನ್ನಿನ ಪೈಪನ್ನು ಕಳಚಿ, ಅದರ ಬಾಯಿಗೆ ಬಿಳಿ ಬಟ್ಟೆ ಹಿಡಿದು ಗಾಳಿ ಬಿಟ್ಟೆವು. ಐದೇ ನಿಮಿಷದಲ್ಲಿ ಬಟ್ಟೆಯ ಮೇಲೆ ಹಳದಿ ಉಂಗುರ ಮೂಡಿತು. ಕಂಪ್ರೆಸರ್ ಕೊಠಡಿಯಲ್ಲಿ ಮಾಡಿಸಿದ ಪರೀಕ್ಷೆಯ ವರದಿ ಮಾತ್ರ ಚೊಕ್ಕವಾಗಿತ್ತು. ಹೊಸ ಆಯಿಲ್ ಫ್ರೀ ಯಂತ್ರವನ್ನು ತಂದು ಹಳೆಯ ಜಿಐ (ಸತು ಲೇಪಿತ ಕಬ್ಬಿಣದ) ಪೈಪುಗಳಿಗೇ ಜೋಡಿಸಿದ್ದರಿಂದ, ಅವುಗಳೊಳಗೆ ವರ್ಷಗಟ್ಟಲೆ ಅಂಟಿಕೊಂಡಿದ್ದ ಎಣ್ಣೆ ಮತ್ತು ತುಕ್ಕು ಗಾಳಿಯ ಜೊತೆ ಬರುತ್ತಿದ್ದವು.

ಗಾಳಿಯನ್ನು ಎಲ್ಲಿಂದ ಎಳೆದುಕೊಳ್ಳುತ್ತೇವೆ ಎಂಬುದೂ ಮುಖ್ಯ. ಆಯಿಲ್ ಫ್ರೀ ಯಂತ್ರ ತಾನಾಗಿ ಎಣ್ಣೆ ಬೆರೆಸುವುದಿಲ್ಲ, ಆದರೆ ಸುತ್ತಲಿನ ಡೀಸೆಲ್ ಹೊಗೆಯನ್ನು ಒಳಗೆ ತೆಗೆದುಕೊಳ್ಳದೆ ಬಿಡುವುದೂ ಇಲ್ಲ. ಹೊರಗಿನ ಗಾಳಿಗಿಂತ 7 ಬಾರ್ ಹೆಚ್ಚಿನ ಒತ್ತಡಕ್ಕೆ ಹೋಗುವಾಗ ಸುಮಾರು 8 ಘನ ಮೀಟರ್ ಗಾಳಿ 1 ಘನ ಮೀಟರಿಗೆ ಕುಗ್ಗುವುದರಿಂದ ಅದರ ಕಲ್ಮಶವೂ ಅಷ್ಟೇ ಪಟ್ಟು ದಟ್ಟವಾಗುತ್ತದೆ. ಜಾಗವಿಲ್ಲದ ನಮ್ಮ ಶೆಡ್ಡುಗಳಲ್ಲಿ ಕಂಪ್ರೆಸರ್‌ನ ಮಗ್ಗುಲಲ್ಲೇ ಜನರೇಟರ್ ಇರುತ್ತದೆ. ಕರೆಂಟ್ ಹೋದಾಗ ಅದರ ಹೊಗೆ ಎತ್ತ ತಿರುಗುತ್ತದೆ ಎಂದು ನೋಡುವವರು ಕಡಿಮೆ.

ಒತ್ತಡದ ಗಾಳಿಯ ಶುದ್ಧತೆಯನ್ನು ಅಳೆಯುವ ಐಎಸ್ಒ 8573-1 ಮಾನದಂಡದ 1ನೇ ದರ್ಜೆಯಲ್ಲಿ, ಆವಿಯೂ ಸೇರಿ, ಘನ ಮೀಟರಿಗೆ 0.01 ಮಿಲಿಗ್ರಾಂವರೆಗೆ ಎಣ್ಣೆ ಇರಬಹುದು. ‘ಕ್ಲಾಸ್ ಝೀರೋ’ ಎಂದರೆ ಅದಕ್ಕಿಂತ ಬಿಗಿಯಾಗಿ ಬಳಕೆದಾರರೋ ಪೂರೈಕೆದಾರರೋ ನಿಗದಿಪಡಿಸಿದ ಮಿತಿಯೇ ಹೊರತು ಸೊನ್ನೆ ಎಣ್ಣೆಯಲ್ಲ. ಮಾರಾಟಗಾರರು ಇದನ್ನು ತಾವಾಗಿ ಬಿಡಿಸಿ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಸಾಮಾನ್ಯ ಫಿಲ್ಟರ್ ಎಣ್ಣೆಯ ಹನಿಯನ್ನು ಹಿಡಿಯುತ್ತದೆ, ಆವಿಗೆ ಸಕ್ರಿಯ ಇದ್ದಿಲಿನ ಫಿಲ್ಟರೇ ಬೇಕು. ಆ ಇದ್ದಿಲು ಬಿಸಿಗೂ ತೇವಕ್ಕೂ ಬೇಗ ಸೋಲುತ್ತದೆ. ಅದರ ಶಕ್ತಿ ಮುಗಿದರೂ ಒತ್ತಡದ ಮಾಪಕದ ಮುಳ್ಳು ಏನನ್ನೂ ಹೇಳುವುದಿಲ್ಲ.

ಆದ್ದರಿಂದ ತಪಾಸಣೆಗೆ ಬರುವ ಔಷಧ ನಿಯಂತ್ರಣ ಅಧಿಕಾರಿಗಳು ಕಂಪ್ರೆಸರ್ ಕೊಠಡಿಯ ವರದಿಯೊಂದನ್ನೇ ನೋಡಿ ಸಹಿ ಹಾಕದೆ, ಗಾಳಿ ಔಷಧವನ್ನು ಮುಟ್ಟುವ ಜಾಗದ ವರದಿಯನ್ನೂ ಕೇಳಬೇಕು. ಸಣ್ಣ ಘಟಕಗಳಿಗೆ ಪರೀಕ್ಷಾ ಸಾಧನ ದುಬಾರಿಯಾದರೆ, ಕೈಗಾರಿಕಾ ಸಂಘಗಳು ಒಂದನ್ನು ಕೊಂಡು ಸರದಿಯಂತೆ ಕೊಡಬಹುದು. ಮಾಲೀಕರು ಹೊಸ ಯಂತ್ರದ ಅಂದಾಜಿನಲ್ಲೇ ಪೈಪುಗಳ ಖರ್ಚನ್ನೂ ಸೇರಿಸಿಕೊಳ್ಳಲಿ. ನಮ್ಮ ಘಟಕದಲ್ಲಿ ಅವನ್ನು ಬದಲಿಸಲು ಆಗ ಮೂರು ಭಾನುವಾರಗಳು ಸಾಕಾದವು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ನಿರ್ವಹಣಾ ಎಂಜಿನಿಯರ್
ರಾಜಾಜಿನಗರ, ಬೆಂಗಳೂರು