ಶಾಲು ಹೊದಿಸಿದ ಮೇಲೆ ರೆಕಾರ್ಡರ್ ಕೂಡ ಇಡಿ

ಮಾನ್ಯ ಸಂಪಾದಕರೆ,

ಎಪ್ಪತ್ತು, ಎಂಬತ್ತು ದಾಟಿದ ವಾಗ್ಗೇಯಕಾರರ (ಸಾಹಿತ್ಯ, ಸಂಗೀತ ಎರಡನ್ನೂ ತಾವೇ ರಚಿಸುವವರ) ಸಂದರ್ಶನಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಗುರುಗಳು ಯಾರು, ಎಷ್ಟು ಕೃತಿ ರಚಿಸಿದಿರಿ, ಯಾವ ಪ್ರಶಸ್ತಿ ಬಂತು, ಅಲ್ಲಿಗೆ ಪ್ರಶ್ನೆ ಮುಗಿಯಿತು. ಆ ಕೃತಿಗಳ ಮಟ್ಟು (ಹಾಡುವ ಧಾಟಿ) ಈಗ ಯಾರ ಕಂಠದಲ್ಲಿದೆ, ಸ್ವರಪಡಿಸಿ, ಅಂದರೆ ಸರಿಗಮದಲ್ಲಿ ಬರೆದು ಇಟ್ಟಿದ್ದೀರಾ ಎಂದು ಕೇಳುವವರಿಲ್ಲ.

ಪುರಂದರದಾಸರ ಬಹುಪಾಲು ಪದಗಳಿಗೆ ನಾವಿಂದು ಹಾಡುವ ಮಟ್ಟು ಅವರದಲ್ಲ, ಆಮೇಲಿನವರು ಕೂಡಿಸಿದ್ದು. ಮಾತು ಉಳಿಯಿತು, ಧಾತು, ಅಂದರೆ ಸಂಗೀತ, ಹೋಯಿತು. ಮುತ್ತುಸ್ವಾಮಿ ದೀಕ್ಷಿತರ ಎಷ್ಟೋ ಕೃತಿಗಳು ಆ ಗತಿಯಿಂದ ಪಾರಾದದ್ದು, ಸುಬ್ಬರಾಮ ದೀಕ್ಷಿತರು 1904ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕದ (ಸ್ವರವನ್ನು ತೂಗಿ, ಜಾರಿಸಿ ಹಾಡುವ ಬಗೆಯ) ಚಿಹ್ನೆಗಳ ಸಮೇತ ಅವನ್ನು ಅಚ್ಚು ಹಾಕಿಸಿದ್ದರಿಂದ.

ಮನೆಯವರು ‘ನೋಟ್‌ಬುಕ್ ಇದೆಯಲ್ಲ’ ಎನ್ನುತ್ತಾರೆ. ಅದರಲ್ಲಿರುವುದು ಸಾಹಿತ್ಯ, ತಲೆಯ ಮೇಲೆ ಅಷ್ಟಿಷ್ಟು ಸ್ವರ. ಬರೆದವರಿಗೆ ಅದು ನೆನಪಿನ ಗುರುತು, ಬೇರೆಯವರಿಗೆ ಒಗಟು. ಭೈರವಿ ರಾಗದಲ್ಲಿ ಧೈವತಕ್ಕೆ ಬರೀ ‘ದ’ ಎಂದು ಬರೆದಿದ್ದರೆ ಏರುವಾಗ ಚತುಶ್ರುತಿ (ಎತ್ತರದ್ದು), ಇಳಿಯುವಾಗ ಶುದ್ಧ (ತಗ್ಗಿನದು) ಎಂದು ತಿಳಿದವರು ಸರಿದೂಗಿಸಿಕೊಳ್ಳಬಹುದು. ವಾಗ್ಗೇಯಕಾರರೇ ಕಟ್ಟಿದ ಹೊಸ ರಾಗವಾದರೆ ಆ ಊಹೆಗೂ ದಾರಿಯಿಲ್ಲ. ಹಾಗಾಗಿ ಪ್ರತಿ ಕೃತಿಯ ಮೇಲೆ ರಾಗದ ಹೆಸರಿನ ಜೊತೆ ಮೇಳದ (ಮೂಲರಾಗದ) ಸಂಖ್ಯೆ, ಆರೋಹಣ ಅವರೋಹಣ (ಸ್ವರ ಏರುವ, ಇಳಿಯುವ ಕ್ರಮ), ರಿ1, ರಿ2 ಎಂದು ಸ್ವರಸ್ಥಾನ ಬರೆಸಬೇಕು. ಹೆಸರನ್ನಷ್ಟೇ ನಂಬುವಂತಿಲ್ಲ: 28ನೇ ಮೇಳ ಒಂದು ಪದ್ಧತಿಯಲ್ಲಿ ಹರಿಕಾಂಭೋಜಿ, ಇನ್ನೊಂದರಲ್ಲಿ ಹರಿಕೇದಾರಗೌಳ, ಸ್ವರಗಳ ಕ್ರಮವೂ ತುಸು ಬೇರೆ.

‘ಆದಿತಾಳ’ ಎಂದಷ್ಟೇ ಬರೆದರೂ ಸಾಲದು. ಒಂದು ಕಳೆಯೋ ಎರಡು ಕಳೆಯೋ (ತಾಳದ ಪ್ರತಿ ಎಣಿಕೆ ಒಂದು ಸಲವೋ ಎರಡು ಸಲವೋ), ಎತ್ತುಗಡೆ (ಹಾಡು ಶುರುವಾಗುವ ಜಾಗ) ಸಮಕ್ಕೋ, ಅಂದರೆ ತಾಳದ ಮೊದಲ ಪೆಟ್ಟಿಗೋ, ಅರ್ಧ ಅಕ್ಷರ ಬಿಟ್ಟೋ, ಒಂದೂವರೆ ಬಿಟ್ಟೋ ಎಂಬುದೂ ಬೇಕು. ಒಂದು ಕಳೆಯಲ್ಲಿ 8 ಅಕ್ಷರ, ಅಕ್ಷರಕ್ಕೆ 4ರಂತೆ ಆವರ್ತನೆಗೆ (ತಾಳದ ಒಂದು ಸುತ್ತಿಗೆ) 32 ಮಾತ್ರೆ. ಬೆರಳು ಮಡಿಸಿ ಎಣಿಸಿ. 31 ಅಥವಾ 33 ಬಂದರೆ ತಪ್ಪನ್ನು ಮೊದಲು ಕಾರ್ವೆಯ, ಅಂದರೆ ಸ್ವರ ಎಳೆಯುವುದರ ಗುರುತಿನಲ್ಲಿ ಹುಡುಕಿ. ಅಲ್ಪವಿರಾಮ ಒಂದು ಮಾತ್ರೆ, ಅರ್ಧವಿರಾಮ ಎರಡು. ಡಿಟಿಪಿ ಮಾಡುವವರು ಅದನ್ನು ವಾಕ್ಯದ ಚಿಹ್ನೆ ಎಂದುಕೊಂಡು ‘ತಿದ್ದಿ’ ಕೊಡುತ್ತಾರೆ, ಪಾಪ. ಹಳೆಯ ನುಡಿ ಫಾಂಟಿನ ಪುಟಗಳನ್ನು ಯೂನಿಕೋಡಿಗೆ ತಿರುಗಿಸಿದಾಗ ತಾರಸ್ಥಾಯಿಯ (ಎತ್ತರದ ಸ್ವರಗಳ) ಮೇಲಿನ ಚುಕ್ಕಿ, ಮಂದ್ರದ (ತಗ್ಗಿನ ಸ್ವರಗಳ) ಕೆಳಗಿನ ಚುಕ್ಕಿ ಉದುರಿಹೋಗಿಲ್ಲವೇ ನೋಡಬೇಕು. ಕರಡು ತಿದ್ದಲು ಆ ಕೃತಿ ಗೊತ್ತಿರುವವರನ್ನು ಕೂರಿಸಬೇಡಿ. ಅವರ ಕಣ್ಣು ಇಲ್ಲದ ಚುಕ್ಕಿಯನ್ನೂ ಓದಿಬಿಡುತ್ತದೆ. ಕೃತಿ ಗೊತ್ತಿಲ್ಲದ ವಿದ್ಯಾರ್ಥಿಯ ಕೈಗೆ ಕೊಟ್ಟು ಹಾಡಿಸಿ, ತಪ್ಪು ತಾನಾಗಿ ಹೊರಬೀಳುತ್ತದೆ.

ಇಷ್ಟೆಲ್ಲ ಮಾಡಿದರೂ ತೋಡಿ ರಾಗದ ಗಾಂಧಾರ ಕಾಗದದ ಮೇಲೆ ಬರೀ ‘ಗ’. ಅದು ರಿಷಭ ಮಧ್ಯಮಗಳ ನಡುವೆ ಎಲ್ಲಿಂದ ಎಲ್ಲಿಗೆ ತೂಗಬೇಕು ಎಂಬುದಕ್ಕೆ ಕಿವಿಯೇ ಗತಿ. ಅದಕ್ಕೇ ರೆಕಾರ್ಡಿಂಗ್ ಬೇಕು.

ಸ್ಟುಡಿಯೋ ಇಲ್ಲದಿದ್ದರೂ ನಡೆಯುತ್ತದೆ. ಫ್ಯಾನ್ ಆರಿಸಿ, ರೆಕಾರ್ಡರನ್ನು ಹಾಡುವವರ ಬಾಯಿಂದ ಒಂದೂವರೆ ಅಡಿ ದೂರದಲ್ಲಿ ಬಟ್ಟೆಯ ಮೇಲಿಡಿ. ಮೊದಲು ಒಂದು ನಿಮಿಷ ಬರೀ ತಂಬೂರಿ, ಆಮೇಲೆ ಬಾಯಲ್ಲೇ ರಾಗ, ತಾಳ, ಎತ್ತುಗಡೆ, ದಿನಾಂಕ. ಕೃತಿಯನ್ನು ಒಮ್ಮೆ ಸಾಹಿತ್ಯವಾಗಿ, ಒಮ್ಮೆ ಸ್ವರವಾಗಿ, ಕೈಯಲ್ಲಿ ತಾಳ ಕೇಳಿಸುವಂತೆ ಹಾಡಿಸಿ. ವೇವ್ (ಸದ್ದನ್ನು ಕುಗ್ಗಿಸದೆ ಉಳಿಸುವ) ಫೈಲ್ ಆಗಿರಲಿ: ಮೋನೋದಲ್ಲಿ ನಿಮಿಷಕ್ಕೆ ಸುಮಾರು 5 ಎಂಬಿ, 8 ನಿಮಿಷದ 200 ಕೃತಿ ಸುಮಾರು 8 ಜಿಬಿಯಲ್ಲಿ ಮುಗಿಯುತ್ತದೆ. ವಾಟ್ಸಾಪ್ ವಾಯ್ಸ್ ಮೆಸೇಜ್ ಮಾತಿಗೆ ಸರಿ, ಗಮಕಕ್ಕಲ್ಲ.

ವಯಸ್ಸಾದಂತೆ ಶ್ರುತಿ ಇಳಿಯುತ್ತದೆ, ತಾರಸ್ಥಾಯಿ ಎಟುಕುವುದಿಲ್ಲ. ಅಂಥ ಸಂಗತಿಯನ್ನು (ಒಂದು ಸಾಲನ್ನು ಬೆಳೆಸಿ ಹಾಡುವ ಬಗೆಯನ್ನು) ಹಿರಿಯರು ಕೆಳಸ್ಥಾಯಿಯಲ್ಲಿ ಹಾಡಿ ಮುಂದೆ ಹೋಗುತ್ತಾರೆ, ಕೇಳಿದವರು ಕೃತಿ ಇರುವುದೇ ಹಾಗೆ ಎಂದುಕೊಳ್ಳುತ್ತಾರೆ. ಅಲ್ಲಿ ಶಿಷ್ಯರು ಹಾಡಲಿ, ಗುರುಗಳು ತಾಳ ಹಾಕುತ್ತಾ ತಡೆದು ತಿದ್ದಲಿ, ಆ ತಿದ್ದುವ ಮಾತೂ ರೆಕಾರ್ಡ್ ಆಗಲಿ. ನಲವತ್ತು ವರ್ಷದ ಹಿಂದೆ ಕಲಿತ ಶಿಷ್ಯರದೂ ನಿನ್ನೆ ಮೊನ್ನೆ ಕಲಿತವರದೂ ಪಾಠಾಂತರ (ಕಲಿತು ಹಾಡುವ ರೂಪ) ಬೇರೆಯಾಗಿರುವುದು ಸಹಜ, ರಚಿಸಿದವರೇ ನಡುವೆ ಬದಲಿಸಿರುತ್ತಾರೆ. ಎರಡನ್ನೂ ಇಟ್ಟುಕೊಳ್ಳಿ, ಯಾವುದು ಯಾವ ಕಾಲದ್ದು ಎಂದು ಅವರಿಂದಲೇ ಹೇಳಿಸಿ.

ಇನ್ನು ಹಳೆಯ ಕ್ಯಾಸೆಟ್‌ಗಳು. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲದ ಥಂಡಿಗೆ ಟೇಪಿನ ಅಂಚಿಗೆ ಬಿಳಿ ಬೂಸ್ಟು ಹಿಡಿಯುತ್ತದೆ. ಅದನ್ನು ಹಾಗೇ ಪ್ಲೇಯರಿಗೆ ಹಾಕಿದರೆ ಹೆಡ್ ಕೊಳೆಯಾಗಿ ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಮೊದಲು ತಿಳಿದವರಿಂದ ಟೇಪ್ ಶುಚಿ ಮಾಡಿಸಬೇಕು. ಪ್ಲೇಯರಿನ ಬೆಲ್ಟ್ ಸಡಿಲವಾಗಿದ್ದರೆ ಓಟ ನಿಧಾನವಾಗುತ್ತದೆ. ವೇಗ ನೂರಕ್ಕೆ 6ರಷ್ಟು ತಪ್ಪಿದರೆ ಶ್ರುತಿ ಅರ್ಧ ಮನೆ (ಹಾರ್ಮೋನಿಯಂನ ಪಕ್ಕದ ಕೀಲಿಯಷ್ಟು) ಜಾರುತ್ತದೆ. ಆಗಿನ ಶ್ರುತಿ ಎಷ್ಟೆಂದು ಶಿಷ್ಯರನ್ನು ಕೇಳಿ, ತಂಬೂರಿಗೆ ಹೊಂದಿಸಿ ಆಮೇಲೆ ಕಂಪ್ಯೂಟರಿಗೆ ಇಳಿಸಿ.

ಕಾವೇರಿ ದಡದ ರುದ್ರಪಟ್ಟಣ ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿನ ಸಂಗೀತೋತ್ಸವಕ್ಕೆ ವಿದ್ವಾಂಸರು ಬಂದೇ ಬರುತ್ತಾರೆ. ಹಾಸನದಲ್ಲಿ ಆಕಾಶವಾಣಿ ಕೇಂದ್ರವೂ ಇದೆ. ಉತ್ಸವ ನಡೆಸುವವರು ಒಂದು ಕೋಣೆ, ಆಕಾಶವಾಣಿಯವರು ಒಬ್ಬ ತಂತ್ರಜ್ಞರನ್ನು ಒದಗಿಸಿದರೆ ವರ್ಷಕ್ಕೆ ಒಬ್ಬ ವಾಗ್ಗೇಯಕಾರರ ಕೃತಿಗಳನ್ನಾದರೂ ಹೀಗೆ ಕೂಡಿಡಬಹುದು. ಒಂದೇ ಮಾತು: ದಿನಕ್ಕೆ ನಾಲ್ಕು ಕೃತಿಗಿಂತ ಹೆಚ್ಚು ಬೇಡ, ಅದೂ ಬೆಳಗಿನ ಹೊತ್ತೇ ಆಗಲಿ. ದಣಿವಾದ ಮೇಲೆ ಹಿರಿಯರು ತಪ್ಪಿದ್ದನ್ನೂ ‘ಹೂಂ, ಸರಿಯಾಗಿದೆ’ ಎಂದುಬಿಡುತ್ತಾರೆ.

– ಸಂಗೀತ ಪಾಠ ಹೇಳುವ ಕೆಲವರು, ಹಾಸನ